ಗೋಡೆಯ ಮೇಲಿನ ಕರಿ ಕಲೆ: ಮಲೆನಾಡಿನ ಒಂದು ಮನೆ, ಎರಡು ಅಯಾನೈಸರ್

ಮನೆ ತೀರ್ಥಹಳ್ಳಿ ತಾಲ್ಲೂಕಿನದು. ಊರಿನ ಹೆಸರು, ಮನೆಯವರ ಹೆಸರು ಇಲ್ಲಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಮನೆಯವರು ಓದಿ ಒಪ್ಪಿದ್ದಾರೆ. ಯಜಮಾನರು ಹಾಕಿದ ಷರತ್ತು ಒಂದೇ: "ಅಡಿಕೆ ಎಷ್ಟು ಕ್ವಿಂಟಾಲ್ ಆಗ್ತದೆ ಅಂತ ಮಾತ್ರ ಬರೀಬೇಡಿ ಮೇಷ್ಟ್ರೇ." ಹಾಗಾಗಿ ತೋಟದ ಲೆಕ್ಕ ಬಿಟ್ಟಿದ್ದೇನೆ. ನಾನು ಭೌತಶಾಸ್ತ್ರ ಪಾಠ ಮಾಡುವವನು, ವೈದ್ಯನಲ್ಲ. ಕಾಯಿಲೆಯ ಕುರಿತ ತೀರ್ಮಾನಗಳೆಲ್ಲ ಅವರನ್ನು ನೋಡುತ್ತಿದ್ದ ಶಿವಮೊಗ್ಗದ ವೈದ್ಯರವು.

ಮನೆ, ಕೋಣೆ, ಕೆಮ್ಮು

ಮನೆ ಎರಡು ಕಾಲದ್ದು. ಹಿಂಭಾಗ ಹೆಂಚಿನ ಮಾಡು, ಮಣ್ಣಿನ ಗೋಡೆ, ಒಳಗೇ ಬಚ್ಚಲು. ಅದಕ್ಕೆ ಅಂಟಿಕೊಂಡಂತೆ ಮುಂಭಾಗದಲ್ಲಿ ಹೊಸ ಆರ್‌ಸಿಸಿ ಕಟ್ಟಡ. ಅದರಲ್ಲಿ ಒಂದು ಕೋಣೆಯನ್ನು ಅಮ್ಮನಿಗೆಂದೇ ಕಟ್ಟಿಸಿದ್ದರು: 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ, ಟೈಲ್ಸ್ ನೆಲ, ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ, ಪಕ್ಕದಲ್ಲೇ ಬಾತ್‌ರೂಮು. ಮಳೆಗಾಲದ ರಾತ್ರಿಯಲ್ಲಿ ಅಂಗಳ ದಾಟುವುದು ಬೇಡ, ಜಾರುವುದು ಬೇಡ ಎಂಬ ಕಾಳಜಿ.

ಅಮ್ಮನಿಗೆ ಅರವತ್ತು ದಾಟಿದೆ. ಉಬ್ಬಸ ಹಳೆಯದು. ಸೌದೆ ಒಲೆಯ ಮುಂದೆ ದಶಕಗಳ ಕಾಲ ಅಡುಗೆ ಮಾಡಿದವರು. ಈಗ ಅಡುಗೆಗೆ ಗ್ಯಾಸು. ಹೊಸ ಕೋಣೆಗೆ ಬಂದರೆ ಆರಾಮಾಗುತ್ತದೆ ಎಂದು ಎಲ್ಲರೂ ಎಣಿಸಿದ್ದರು. ಆದದ್ದು ಬೇರೆ. ಮೊದಲ ಮಳೆಗಾಲದಲ್ಲೇ ಬೆಳಗಿನ ಜಾವ ಎದ್ದು ಕೂತು ಉಸಿರೆಳೆಯುವುದು ಶುರುವಾಯಿತು. ಹಳೆ ಮನೆಯ ಜಗಲಿಯಲ್ಲಿ ಮಲಗಿದರೆ ಕೊಂಚ ವಾಸಿ ಎಂದು ಅವರೇ ಹೇಳುತ್ತಿದ್ದರು. ಯಾರೂ ಆ ಮಾತನ್ನು ತಲೆಗೆ ಹಾಕಿಕೊಳ್ಳಲಿಲ್ಲ; ಹಳೆ ಮನೆಯ ಮೇಲಿನ ಮೋಹ ಎಂದುಕೊಂಡರು.

ವೈದ್ಯರು ಎರಡು ಇನ್‌ಹೇಲರ್ ಕೊಟ್ಟಿದ್ದರು. ಒಂದು ದಿನಾ ತಪ್ಪದೆ ತೆಗೆದುಕೊಳ್ಳಬೇಕಾದ ಸ್ಟೀರಾಯ್ಡ್, ಇನ್ನೊಂದು ಉಸಿರು ಕಟ್ಟಿದಾಗ. "ಮನೆಯಲ್ಲಿ ಹೊಗೆ ಇದೆಯಾ?" ಎಂದು ಕೇಳಿದ್ದಕ್ಕೆ "ಇಲ್ಲ, ಈಗೆಲ್ಲ ಗ್ಯಾಸು" ಎಂದು ಉತ್ತರ ಹೋಯಿತು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಮಲೆನಾಡಿನಲ್ಲಿ ಹೊಗೆ ಎಂದರೆ ಅಡುಗೆಮನೆಯ ಹೊಗೆ. ಬಚ್ಚಲ ಒಲೆಯದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಯಂತ್ರ ಬಂದದ್ದು

ಬೆಂಗಳೂರಿನಲ್ಲಿರುವ ಮಗ ಆನ್‌ಲೈನಿನಲ್ಲಿ ತರಿಸಿದ್ದು, ಗಾಳಿ ಶುದ್ಧ ಮಾಡುತ್ತದೆಂದು ಮಾರುವ, ಫಿಲ್ಟರ್ ಇಲ್ಲದ ಅಯಾನೈಸರ್. ಅವನ ಆಯ್ಕೆಗೆ ಕಾರಣಗಳಿದ್ದವು, ಅವು ದಡ್ಡ ಕಾರಣಗಳೇನಲ್ಲ. ಆಷಾಢದಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಈ ಯಂತ್ರ ಕೆಲವೇ ವ್ಯಾಟ್ ತಿನ್ನುವುದರಿಂದ ಇನ್ವರ್ಟರ್ ಮೇಲೆ ರಾತ್ರಿಯಿಡೀ ಓಡುತ್ತದೆ. ಸದ್ದಿಲ್ಲ. ಫಿಲ್ಟರ್ ತರಿಸಿ ಬದಲಿಸುವ ತಲೆಬಿಸಿ ಇಲ್ಲ. ಜೊತೆಗೆ ಪೆಟ್ಟಿಗೆಯ ಮೇಲೆ ಜಲಪಾತದ ಚಿತ್ರ, "ಜಲಪಾತದ ಬಳಿಯ ತಾಜಾ ಗಾಳಿ ನಿಮ್ಮ ಮನೆಯಲ್ಲಿ" ಎಂಬ ಅರ್ಥದ ಮಾತು. ಜೋಗ ಇರುವ ಜಿಲ್ಲೆಯವರಿಗೆ ಇದನ್ನು ಮಾರುವುದು ಸುಲಭ.

ಜಲಪಾತದ ಮಾತಿಗೆ ಆಧಾರವೇ ಇಲ್ಲ ಎನ್ನುವಂತಿಲ್ಲ. ನೀರಿನ ಹನಿ ಬಂಡೆಗೆ ಬಡಿದು ಒಡೆಯುವಾಗ ದೊಡ್ಡ ಹನಿಗಳಲ್ಲಿ ಧನ ವಿದ್ಯುದಂಶ ಉಳಿದು, ಸುತ್ತಲಿನ ಗಾಳಿಗೆ ಋಣ ವಿದ್ಯುದಂಶ ಸೇರುವುದನ್ನು ಫಿಲಿಪ್ ಲೆನಾರ್ಡ್ 1892ರಲ್ಲೇ ಅಭ್ಯಸಿಸಿ ಬರೆದಿದ್ದ. ಮುಂದೆ ಕ್ಯಾಥೋಡ್ ಕಿರಣಗಳ ಕೆಲಸಕ್ಕೆ 1905ರ ನೊಬೆಲ್ ಪಡೆದವನೂ ಅವನೇ. 253 ಮೀಟರ್ ಎತ್ತರದಿಂದ ಬೀಳುವ ಶರಾವತಿಯ ಬುಡದಲ್ಲೂ ಇದೇ ನಡೆಯುತ್ತದೆ. ಆದರೆ ಜೋಗದ ಗಾಳಿ ಚೊಕ್ಕಟವಾಗಿದ್ದರೆ ಅದಕ್ಕೆ ಮುಖ್ಯ ಕಾರಣ ಅಲ್ಲಿ ತುಂತುರು ಇದೆ, ವಿಶಾಲ ಬಯಲಿದೆ, ಬಚ್ಚಲ ಒಲೆ ಇಲ್ಲ ಎಂಬುದು. ಅಯಾನುಗಳಿಗೆ, ಅಂದರೆ ವಿದ್ಯುದಂಶ ಪಡೆದ ಅಣುಗಳಿಗೆ, ಅಷ್ಟೂ ಶ್ರೇಯಸ್ಸು ಕೊಡಲು ನನಗೆ ಮನಸ್ಸಿಲ್ಲ.

ಯಂತ್ರದೊಳಗೆ ಆಗುವುದು ಇಷ್ಟು. ಸಣ್ಣ ಸರ್ಕ್ಯೂಟು ಮನೆಯ ಕರೆಂಟನ್ನು ಕೆಲವು ಸಾವಿರ ವೋಲ್ಟಿಗೆ ಏರಿಸಿ ಸೂಜಿ ಮೊನೆಗೋ ಕಾರ್ಬನ್ ನಾರಿನ ಕುಚ್ಚಿಗೋ ಕೊಡುತ್ತದೆ. ಹರಿಯುವ ವಿದ್ಯುತ್ತು ಅತ್ಯಲ್ಪ. ಮೊನೆ ಚೂಪಾದಷ್ಟೂ ಅದರ ತುದಿಯಲ್ಲಿ ವಿದ್ಯುತ್ ಕ್ಷೇತ್ರ ತೀವ್ರ. ಅಲ್ಲಿರುವ ಒಂದೆರಡು ಬಿಡಿ ಎಲೆಕ್ಟ್ರಾನುಗಳು ವೇಗ ಪಡೆದು ಗಾಳಿಯ ಅಣುಗಳಿಗೆ ಗುದ್ದಿ ಇನ್ನಷ್ಟು ಎಲೆಕ್ಟ್ರಾನುಗಳನ್ನು ಕಿತ್ತು ಹಾಕುತ್ತವೆ. ಇದು ಕರೋನಾ ವಿಸರ್ಜನೆ. ಹೊರಬಿದ್ದ ಎಲೆಕ್ಟ್ರಾನುಗಳನ್ನು ಆಮ್ಲಜನಕದ ಅಣುಗಳು ಹಿಡಿದುಕೊಳ್ಳುತ್ತವೆ, ಅವಕ್ಕೆ ನೀರಿನ ಅಣುಗಳು ಮುತ್ತಿಕೊಳ್ಳುತ್ತವೆ. ಋಣ ಅಯಾನು ಎಂದರೆ ಇದೇ.

ಈ ಅಯಾನು ತೇಲುವ ಕಣಕ್ಕೆ ಅಂಟಿದರೆ ಕಣಕ್ಕೂ ವಿದ್ಯುದಂಶ ಬರುತ್ತದೆ. ವಿದ್ಯುದಂಶ ಬಂದ ಕಣ ಹತ್ತಿರದ ಗೋಡೆ, ಪರದೆ, ಹಾಸಿಗೆ, ಮನುಷ್ಯ ಯಾವುದಕ್ಕಾದರೂ ಸೆಳೆಯಲ್ಪಟ್ಟು ಅಂಟುತ್ತದೆ. ಹಳೆಯ ಡಬ್ಬಾ ಟಿವಿಯ ಗಾಜಿನ ಮೇಲೆ ಧೂಳು ಕೂರುತ್ತಿದ್ದುದು ಹೀಗೆಯೇ. ಕೆಲವು ಕಣಗಳು ಒಂದಕ್ಕೊಂದು ಅಂಟಿ ಭಾರವಾಗಿ ಕೆಳಗೂ ಇಳಿಯುತ್ತವೆ. ಗಾಳಿಯ ಮಟ್ಟಿಗೆ ಹೇಳಿದರೆ ಕಣ ಕಡಿಮೆಯಾಯಿತು. ಕೋಣೆಯ ಮಟ್ಟಿಗೆ ಹೇಳಿದರೆ ಒಂದು ಕಣವೂ ಹೊರಗೆ ಹೋಗಲಿಲ್ಲ.

ಇದೇ ತತ್ವವನ್ನು ಕಾರ್ಖಾನೆಯ ಚಿಮಣಿಗಳಲ್ಲಿ ಬಳಸಿ ನೂರು ವರ್ಷದ ಮೇಲಾಯಿತು. ಅಮೆರಿಕದ ಫ್ರೆಡರಿಕ್ ಕಾಟ್ರೆಲ್ ಪೇಟೆಂಟ್ ಪಡೆದದ್ದು 1908ರಲ್ಲಿ. ಅಲ್ಲಿ ಬೂದಿಯ ಕಣಗಳಿಗೆ ವಿದ್ಯುದಂಶ ಕೊಟ್ಟ ಮೇಲೆ ಅವನ್ನು ಹಿಡಿಯಲು ಲೋಹದ ಫಲಕಗಳಿರುತ್ತವೆ. ಫಲಕಗಳನ್ನು ಆಗಾಗ ಬಡಿದರೆ ಬೂದಿ ಕೆಳಗಿನ ತೊಟ್ಟಿಗೆ ಬೀಳುತ್ತದೆ, ತೊಟ್ಟಿಯನ್ನು ಖಾಲಿ ಮಾಡುತ್ತಾರೆ. ಅಮ್ಮನ ಕೋಣೆಯಲ್ಲಿ ಫಲಕವೆಂದರೆ ಮನೆಯ ಗೋಡೆ. ಬಡಿಯುವ ಸುತ್ತಿಗೆಯೂ ಇಲ್ಲ, ತೊಟ್ಟಿಯೂ ಇಲ್ಲ.

ಮೊದಲು ಹಿತ, ಆಮೇಲೆ ಕಲೆ

ಹಾಕಿದ ಮೊದಲ ವಾರಗಳಲ್ಲಿ ಅಮ್ಮನಿಗೆ ಹಿತವೆನಿಸಿತು. ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು ಅಳೆಯಲು ಮಗ ಕಳಿಸಿದ್ದ ಸಣ್ಣ ಪಿಎಂ 2.5 ಮೀಟರಿನಲ್ಲಿ ಮೂರಂಕಿಯ ಸಂಖ್ಯೆ ರಾತ್ರಿ ಎರಡಂಕಿಗೆ ಇಳಿಯುತ್ತಿತ್ತು. ಅದರ ಫೋಟೋ ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಾ ಬರುತ್ತಿತ್ತು.

ಈ ಹಿತದ ದಿನಗಳಲ್ಲೇ ಇಡೀ ಪ್ರಕರಣದ ಅತ್ಯಂತ ಅಪಾಯದ ನಿರ್ಧಾರ ನಡೆದುಹೋಯಿತು, ಯಾರಿಗೂ ಗೊತ್ತಾಗದೆ. ಗಾಳಿ ಶುದ್ಧವಾಯಿತಲ್ಲ ಎಂದು ಅಮ್ಮ ದಿನದ ಇನ್‌ಹೇಲರನ್ನು ಬಿಟ್ಟರು. ಸ್ಟೀರಾಯ್ಡ್ ಇನ್‌ಹೇಲರಿನ ಗುಣ ಬಿಟ್ಟ ಮರುದಿನವೇ ಹೋಗುವುದಿಲ್ಲ. ಶ್ವಾಸನಾಳದ ಊತ ನಿಧಾನವಾಗಿ ಮರಳುತ್ತದೆ. ಹಾಗಾಗಿ ಔಷಧಿ ಬಿಟ್ಟದ್ದಕ್ಕೂ ಕೆಮ್ಮು ಹೆಚ್ಚಿದ್ದಕ್ಕೂ ನಡುವೆ ದಿನಗಳು ಕಳೆದು, ಎರಡಕ್ಕೂ ಇರುವ ನಂಟು ಕಣ್ಣಿಗೆ ಬೀಳಲಿಲ್ಲ. ಕೆಮ್ಮು ಹೆಚ್ಚಿದಾಗ ಮನೆಯವರು ಮಾಡಿದ್ದು ಯಂತ್ರವನ್ನು ಹಾಸಿಗೆಗೆ ಇನ್ನಷ್ಟು ಹತ್ತಿರ ತಂದದ್ದು, ಇನ್ನೊಂದನ್ನು ತರಿಸಿದ್ದು. ಒಂದು ತಲೆಯ ಬಳಿ, ಒಂದು ಕಾಲಿನ ಬಳಿ.

ಎರಡನೆಯದು ಬಂದ ಮೇಲೆ ಕೋಣೆಗೆ ಒಂದು ವಾಸನೆ ಬಂತು. "ಜೆರಾಕ್ಸ್ ಅಂಗಡಿಗೆ ಹೋದ ಹಾಗೆ" ಎಂದು ಸೊಸೆ ಸರಿಯಾಗಿಯೇ ಗುರುತಿಸಿದರು. ಅದು ಓಜೋನ್. ಅಯಾನು ಹುಟ್ಟಿಸುವ ಕರೋನಾವೇ ಆಮ್ಲಜನಕದ ಅಣುವನ್ನು ಸೀಳುತ್ತದೆ, ಒಂಟಿ ಪರಮಾಣು ಮತ್ತೊಂದು ಅಣುವಿಗೆ ಸೇರಿ ಓಜೋನ್ ಆಗುತ್ತದೆ. ಋಣ ಕರೋನಾದಲ್ಲಿ ಇದು ಧನ ಕರೋನಾಕ್ಕಿಂತ ಹೆಚ್ಚು. ಆಕಾಶದ ಮೇಲ್ಪದರದಲ್ಲಿ ನಮ್ಮನ್ನು ಕಾಯುವ ಓಜೋನ್ ಮೂಗಿನ ಹತ್ತಿರ ಬಂದರೆ ಶ್ವಾಸನಾಳವನ್ನು ಕೆರಳಿಸುತ್ತದೆ, ಉಬ್ಬಸದವರಿಗೆ ಇನ್ನೂ ಬೇಗ. ಕ್ಯಾಲಿಫೋರ್ನಿಯಾದಲ್ಲಿ ಮನೆಯೊಳಗಿನ ಗಾಳಿ ಶುದ್ಧಿ ಯಂತ್ರಗಳಿಗೆ ಹತ್ತು ಲಕ್ಷದಲ್ಲಿ 0.05 ಪಾಲು ಎಂಬ ಮಿತಿ ಇದೆ, ಪರೀಕ್ಷೆಯಾಗದ ಯಂತ್ರ ಅಲ್ಲಿ ಮಾರುವಂತಿಲ್ಲ. ಈ ಎರಡು ಪೆಟ್ಟಿಗೆಗಳ ಮೇಲೆ ಯಾವ ಪರೀಕ್ಷೆಯ ಗುರುತೂ ಇರಲಿಲ್ಲ.

ಅದರ ಮೇಲೆ ನೆಲ ಒರೆಸುವ ನೀರಿಗೆ ದಿನಾ ಮಜ್ಜಿಗೆಹುಲ್ಲಿನ ಎಣ್ಣೆ, ವಾರಕ್ಕೊಮ್ಮೆ ಫಿನಾಯಿಲು. ನಿಂಬೆ, ಪೈನ್, ಮಜ್ಜಿಗೆಹುಲ್ಲು ಇವುಗಳ ಪರಿಮಳದ ಟರ್ಪೀನ್ ಜಾತಿಯ ವಸ್ತುಗಳು ಓಜೋನ್ ಜೊತೆ ಸುಲಭವಾಗಿ ವರ್ತಿಸಿ ಫಾರ್ಮಾಲ್ಡಿಹೈಡಿನಂಥವನ್ನೂ ಹೊಸ ಅತಿಸೂಕ್ಷ್ಮ ಕಣಗಳನ್ನೂ ಹುಟ್ಟಿಸುತ್ತವೆ. ಕೋಣೆಯನ್ನು ಚೊಕ್ಕಟ ಮಾಡಲು ಎರಡು ಕಡೆಯಿಂದ ಪ್ರಯತ್ನ ನಡೆದು, ಎರಡೂ ಸೇರಿ ಮೂರನೆಯದೊಂದನ್ನು ತಯಾರಿಸುತ್ತಿದ್ದವು.

ನನ್ನನ್ನು ಕರೆದದ್ದು ಕೆಮ್ಮಿಗಾಗಿ ಅಲ್ಲ. ಹೊಸದಾಗಿ ಬಳಿದ ಬಿಳಿ ಗೋಡೆಯಲ್ಲಿ ಯಂತ್ರದ ಹಿಂದೆ ಮೊರದಗಲ ಕಪ್ಪಾಗಿತ್ತು. ಪೇಂಟಿನವನು ಗೋಡೆಯ ಶೀತ, ಅಂದರೆ ತೇವ ಎಂದ, ಎಲೆಕ್ಟ್ರಿಷಿಯನ್ ಅರ್ಥಿಂಗ್ ಸರಿಯಿಲ್ಲ ಎಂದ. "ಗೋಡೆಗೆ ಕರೆಂಟ್ ಇಳೀತಾ ಇದೆಯಾ ನೋಡಿ ಮೇಷ್ಟ್ರೇ, ಮುಟ್ಟಲಿಕ್ಕೇ ಹೆದರಿಕೆ" ಎಂದು ಯಜಮಾನರು ಫೋನು ಮಾಡಿದರು.

ಕಲೆ ಹೇಳಿದ್ದು

ಗೋಡೆಗೆ ಕರೆಂಟು ಇಳಿದಿರಲಿಲ್ಲ. ಯಂತ್ರದ ಜಾಗ ಬದಲಿಸಿದಲ್ಲೆಲ್ಲ ಹೊಸ ಕಲೆ ಮೂಡಿತ್ತು, ಇದು ಶೀತವಲ್ಲ ಎನ್ನಲು ಅಷ್ಟೇ ಸಾಕು. ಅಯಾನುಗಳ ಆಯುಸ್ಸು ಹೆಚ್ಚೆಂದರೆ ನಿಮಿಷಗಳು. ಮೊನೆಯಿಂದ ದೂರ ಹೋದಂತೆ ಅವುಗಳ ಸಂಖ್ಯೆ ತೀವ್ರವಾಗಿ ಇಳಿಯುತ್ತದೆ. ಆದ್ದರಿಂದ ಕಣಗಳು ಬೀಳುವುದೂ ಹೆಚ್ಚಾಗಿ ಯಂತ್ರದ ಸುತ್ತಮುತ್ತಲೇ.

ಕುತೂಹಲ ಕೆರಳಿಸಿದ್ದು ಕಲೆಯ ಬಣ್ಣ. ಮನೆಯ ಧೂಳು ಅಂಟಿದ್ದರೆ ಬೂದು ಅಥವಾ ಕೆಂಚು ಕಾಣಬೇಕು, ಅದರಲ್ಲೂ ನಮ್ಮ ಕೆಮ್ಮಣ್ಣಿನ ಊರಿನಲ್ಲಿ. ಬೂಷ್ಟಾದರೆ ಹಸಿರೋ ಕಪ್ಪೋ ಚುಕ್ಕೆಚುಕ್ಕೆಯಾಗಿರುತ್ತದೆ. ಇದು ಒಂದೇ ಸಮ ಕಪ್ಪು. ಒದ್ದೆ ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಜಿಡ್ಡುಜಿಡ್ಡಾಗಿ ಹರಡಿತು. ಬಟ್ಟೆಯನ್ನು ಅಮ್ಮನಿಗೆ ತೋರಿಸಿದೆ. ಮೂಸಿ ನೋಡಿ, "ಇದೆಂತದು, ಇಲ್ಲಣ ಅಲ್ವಾ!" ಎಂದರು. ಹಳೆ ಅಡುಗೆಮನೆಯ ಮಾಡಿನಿಂದ ಮಸಿಯ ಜೇಡರಬಲೆ ಕೊಡವಿ ಕೊಡವಿ ಗೊತ್ತಿದ್ದ ಕೈ ಅದು. ನನ್ನ ಊಹೆಗೆ ಅಲ್ಲಿಯವರೆಗೆ ಇದ್ದದ್ದಕ್ಕಿಂತ ಗಟ್ಟಿ ಸಾಕ್ಷಿ ಅದೇ.

ಗ್ಯಾಸಿನ ಅಡುಗೆಮನೆ ಮನೆಯ ಇನ್ನೊಂದು ತುದಿಯಲ್ಲಿದೆ. ಹಾಗಿದ್ದರೆ ಸೌದೆಯ ಮಸಿ ಈ ಮುಚ್ಚಿದ ಕೋಣೆಗೆ ಬಂದದ್ದು ಎಲ್ಲಿಂದ? ಗಾಳಿಯನ್ನು ಶುದ್ಧ ಮಾಡುವುದು ಹೇಗೆ ಎಂದು ಕೇಳುತ್ತಿದ್ದವರು ಈಗ ಗಾಳಿ ಕೆಡುತ್ತಿರುವುದು ಎಲ್ಲಿ ಎಂದು ಕೇಳತೊಡಗಿದರು. ಯಂತ್ರ ತನ್ನ ಕೆಲಸದಲ್ಲಿ ಸೋತರೂ, ಕೋಣೆಯ ಗಾಳಿಯಲ್ಲಿ ಏನಿದೆ ಎಂಬುದರ ಮಾದರಿಯನ್ನು ತಿಂಗಳುಗಟ್ಟಲೆ ಗೋಡೆಯ ಮೇಲೆ ಸಂಗ್ರಹಿಸಿ ಇಟ್ಟಿತ್ತು.

ಮೊದಲ ಮೂಲ ಮಂಚದ ಕೆಳಗೇ ಸಿಕ್ಕಿತು. "ಹೊಗೆ ಎಂತದೂ ಇಲ್ಲ ಮೇಷ್ಟ್ರೇ, ಕಾಯಿಲ್ ಒಂದು ಹಚ್ತೇನೆ ಅಷ್ಟೆ" ಎಂದರು ಯಜಮಾನರು. ಒಂದು ಸೊಳ್ಳೆ ಕಾಯಿಲ್ ಪೂರ್ತಿ ಉರಿದರೆ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳು ಬಿಡುವಷ್ಟು ಎಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿದೆ. ಯಜಮಾನರು ಜೀವನದಲ್ಲಿ ಬೀಡಿ ಮುಟ್ಟಿದವರಲ್ಲ. ಆ ಲೆಕ್ಕ ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಎರಡನೆಯದಕ್ಕೆ ಊದುಬತ್ತಿ ಬೇಕಾಯಿತು. ಬಾಗಿಲ ಸಂದಿಗೆ, ಕಿಟಕಿಗೆ, ಬಾತ್‌ರೂಮಿನ ವೆಂಟಿಲೇಟರಿಗೆ ಒಂದೊಂದಾಗಿ ಹಚ್ಚಿದ ಊದುಬತ್ತಿ ಹಿಡಿದು ಹೊಗೆ ಯಾವ ಕಡೆ ವಾಲುತ್ತದೆ ಎಂದು ನೋಡಿದೆವು. ಬಾತ್‌ರೂಮಿನ ಒಂದು ಗೋಡೆ ಹಳೆ ಬಚ್ಚಲಿನ ಗೋಡೆಯೇ. ಮೇಲೆ ಹಳೆಯ ಕಾಲದ ಒಂದು ಬೆಳಕಿಂಡಿ ಹಾಗೆಯೇ ಉಳಿದಿತ್ತು. ಎಕ್ಸಾಸ್ಟ್ ಫ್ಯಾನ್ ನಿಂತಿದ್ದಾಗ ಅಲ್ಲಿ ಹೊಗೆ ನೆಟ್ಟಗೆ ಮೇಲೇರಿತು. ಫ್ಯಾನ್ ಹಾಕಿದ ಕೂಡಲೇ ಬೆಳಕಿಂಡಿಯಿಂದ ಒಳಮುಖವಾಗಿ ನುಗ್ಗಿತು.

ಶೀತ ಹೋಗಲೆಂದು ಆ ಫ್ಯಾನನ್ನು ಮಳೆಗಾಲ ಪೂರ್ತಿ ಹಗಲು ರಾತ್ರಿ ಓಡಿಸುತ್ತಿದ್ದರು. ಕಿಟಕಿ ಮುಚ್ಚಿದ ಬಿಗಿ ಕೋಣೆಯಿಂದ ಗಾಳಿಯನ್ನು ಹೊರಗೆ ತಳ್ಳಿದರೆ ಅಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಹತ್ತಿರದ ತೆರೆದ ದಾರಿ ಬಚ್ಚಲು. ಬಚ್ಚಲ ಹಂಡೆಯ ಕೆಳಗೆ ರಾತ್ರಿ ಒಂದು ದಪ್ಪ ಕುಂಟೆ (ಮರದ ತುಂಡು) ಇಟ್ಟು ಮಲಗುವುದು ಆ ಮನೆಯ ರೂಢಿ, ಬೆಳಿಗ್ಗೆ ಸ್ನಾನಕ್ಕೆ ನೀರು ಬಿಸಿಯಿರಲಿ ಎಂದು. ಮಳೆಗಾಲದ ಸೌದೆ ಹಸಿ; ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಹಳೆ ಮನೆಯಲ್ಲಿ ಆ ಹೊಗೆ ಹೆಂಚಿನ ಸಂದಿಗಳಲ್ಲಿ ಹಾದು ಹೋಗುತ್ತಿತ್ತು. ಈಗ ಅದರ ಒಂದು ಪಾಲು ರಾತ್ರಿಯಿಡೀ ಅಮ್ಮನ ಕೋಣೆಗೆ ಬಂದು, ಅಲ್ಲಿ ಅಯಾನೈಸರ್ ಅದನ್ನು ಹಿಡಿದು ಗೋಡೆಗೆ ಬಳಿಯುತ್ತಿತ್ತು. ಜಗಲಿಯಲ್ಲಿ ಮಲಗಿದರೆ ವಾಸಿ ಎಂದು ಅಮ್ಮ ಹೇಳಿದ್ದು ಸರಿಯಾಗಿತ್ತು.

ಮೀಟರಿನ ವಾದ

ಯಂತ್ರ ತೆಗೆಯುವ ಮಾತು ಬಂದಾಗ ಮಗನಿಗೆ ಬೇಸರವಾಯಿತು. "ನಂಬರ್ ಅರ್ಧಕ್ಕಿಂತ ಕೆಳಗೆ ಬರ್ತಾ ಇತ್ತಲ್ಲ ಸರ್, ಅದು ಸುಳ್ಳಾ?" ಎಂದು ಕೇಳಿದ. ಸುಳ್ಳಲ್ಲ. ಅವನು ಊರಿಗೆ ಬಂದಾಗ ಇಬ್ಬರೂ ಸೇರಿ ನೋಡಿದೆವು. ಕೋಣೆ ಮುಚ್ಚಿ, ಊದುಬತ್ತಿಯ ಹೊಗೆ ತುಂಬಿಸಿ, ಯಂತ್ರ ಹಾಕಿದಾಗ ಸಂಖ್ಯೆ ಬೇಗ ಇಳಿಯಿತು, ಹಾಕದಿದ್ದಾಗ ನಿಧಾನವಾಗಿ. ಮೀಟರನ್ನು ಯಂತ್ರದ ಪಕ್ಕ ಇಟ್ಟರೆ ಇಳಿತ ಜೋರು, ಎದುರಿನ ಮೂಲೆಯಲ್ಲಿ ಇಟ್ಟರೆ ಅಷ್ಟಿಲ್ಲ. ವಾಟ್ಸ್‌ಆ್ಯಪ್ ಫೋಟೋಗಳಲ್ಲೆಲ್ಲ ಮೀಟರು ಯಂತ್ರದ ಪಕ್ಕದಲ್ಲೇ ಇತ್ತು. ಆಮೇಲೆ ನಾನು ಪರದೆಯನ್ನೂ ಹೊದಿಕೆಯನ್ನೂ ಒಮ್ಮೆ ಜೋರಾಗಿ ಕೊಡವಿದೆ. ಇಳಿದದ್ದು ಮತ್ತೆ ಏರಿತು. ಮಗ ಮೀಟರನ್ನು ಕೈಯಲ್ಲಿ ಹಿಡಿದು ನಕ್ಕ.

ಅವನಿಗೆ ಹೇಳಿದ ಇನ್ನೊಂದು ಸಂಗತಿ: ವಿದ್ಯುದಂಶ ಪಡೆದ ಕಣ ಗೋಡೆಗೆ ಅಂಟುವಂತೆಯೇ ಶ್ವಾಸನಾಳದ ಒಳಗೋಡೆಗೂ ಅಂಟಬಹುದು. ಯಂತ್ರ ತಲೆಯ ಹತ್ತಿರ ಇದ್ದಷ್ಟೂ ಇದು ಚಿಂತೆಯ ಮಾತು.

ಮೀಟರಿನಲ್ಲೂ ಒಂದು ಮಲೆನಾಡಿನ ಮೋಸ ಇದೆ. ಇಂಥ ಅಗ್ಗದ ಮೀಟರುಗಳು ಲೇಸರ್ ಬೆಳಕು ಕಣಗಳಿಗೆ ತಾಗಿ ಚದುರುವುದನ್ನು ಅಳೆಯುತ್ತವೆ. ಗಾಳಿಯಲ್ಲಿ ತೇವ ತುಂಬಿದಾಗ ಕಣಗಳು ನೀರು ಕುಡಿದು ಉಬ್ಬುತ್ತವೆ. ಕಿಟಕಿಯಿಂದ ಮಂಜು ನುಗ್ಗಿದರೆ ಹನಿಗಳೇ ಕಣಗಳಂತೆ ಲೆಕ್ಕಕ್ಕೆ ಸಿಗುತ್ತವೆ. ವರ್ಷಕ್ಕೆ ಸುಮಾರು 7,600 ಮಿಲಿಮೀಟರ್ ಮಳೆ ಬೀಳುವ ಆಗುಂಬೆಯ ಸುತ್ತಮುತ್ತಲಲ್ಲಿ ಜುಲೈ ತಿಂಗಳ ಓದನ್ನು ದೆಹಲಿಯ ಓದಿನ ಜೊತೆ ಹೋಲಿಸಿ ಹೆದರುವುದರಲ್ಲಿ ಅರ್ಥವಿಲ್ಲ. ಒಂದೇ ಕೋಣೆಯಲ್ಲಿ, ಒಂದೇ ಹವೆಯಲ್ಲಿ, ಏನಾದರೂ ಬದಲಿಸುವ ಮುಂಚೆ ಮತ್ತು ನಂತರ ಎಂದು ನೋಡಲು ಅದು ಸಾಕು.

ಬದಲಾಯಿಸಿದ್ದು, ಬದಲಾಗಿದ್ದು

ವೈದ್ಯರಿಗೆ ಇನ್‌ಹೇಲರ್ ಬಿಟ್ಟ ವಿಷಯ ತಿಳಿದದ್ದು ಈ ಹಂತದಲ್ಲಿ. ಅವರು ಅಂದಿನಿಂದಲೇ ಶುರುಮಾಡಿಸಿದರು, ಅಯಾನೈಸರನ್ನೂ ಅಂದೇ ನಿಲ್ಲಿಸಿ ಎಂದರು. ಉಬ್ಬಸಕ್ಕೆ ಅಯಾನೈಸರ್ ಬಳಸಿದ ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದ ಕಾಕ್ರೇನ್ ಪರಾಮರ್ಶೆಯಲ್ಲಿ ಶ್ವಾಸಕೋಶದ ಸಾಮರ್ಥ್ಯದಲ್ಲಾಗಲಿ ಲಕ್ಷಣಗಳಲ್ಲಾಗಲಿ ಪ್ರಯೋಜನ ಕಂಡುಬಂದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಹೀಗೆ ಎರಡನ್ನೂ ಒಟ್ಟಿಗೆ ಬದಲಿಸಿದ್ದರಿಂದ ಕೆಮ್ಮು ಏರಿದ್ದರಲ್ಲಿ ಓಜೋನಿನ ಪಾಲೆಷ್ಟು, ಔಷಧಿ ಬಿಟ್ಟದ್ದರ ಪಾಲೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಪ್ರಯೋಗಾಲಯವಾಗಿದ್ದರೆ ಒಂದೊಂದಾಗಿ ಬದಲಿಸಬಹುದಿತ್ತು. ಇದು ಉಸಿರಾಡುವ ಮನುಷ್ಯರ ವಿಷಯ. ವೈದ್ಯರ ಕ್ರಮವೇ ಸರಿ.

ಅವರು ಕೊಟ್ಟ ಇನ್ನೊಂದು ವಸ್ತು ಪಿಎಂ ಮೀಟರಿಗಿಂತ ಹೆಚ್ಚು ಉಪಯೋಗಕ್ಕೆ ಬಂತು: ಉಸಿರನ್ನು ಎಷ್ಟು ವೇಗವಾಗಿ ಹೊರಬಿಡಲಾಗುತ್ತದೆ ಎಂದು ಊದಿ ನೋಡುವ ಪೀಕ್ ಫ್ಲೋ ಮೀಟರ್. ಬೆಳಿಗ್ಗೆ ಮತ್ತು ಸಂಜೆ ಊದಿ, ಸೊಸೆ ಕ್ಯಾಲೆಂಡರಿನ ಮೇಲೆ ಬರೆಯುತ್ತಿದ್ದರು. ಗಾಳಿಯಲ್ಲಿ ಏನಿದೆ ಎನ್ನುವುದಕ್ಕಿಂತ ಅಮ್ಮನ ಎದೆ ಏನು ಹೇಳುತ್ತದೆ ಎನ್ನುವುದನ್ನು ಹಿಂಬಾಲಿಸಲು ಅದರಿಂದ ಸಾಧ್ಯವಾಯಿತು.

ಔಷಧಿ ಒಂದು ಹಂತಕ್ಕೆ ಬಂದ ಮೇಲೆ ಉಳಿದವನ್ನು ಒಂದೊಂದಾಗಿ ಮಾಡಿದರು. ಕಾಯಿಲ್ ಹೋಗಿ ಸೊಳ್ಳೆ ಪರದೆ ಬಂತು. ಬೆಳಕಿಂಡಿಗೆ ಗಾಜು ಕೂರಿಸಿ ಸಂದಿಗೆ ಸಿಲಿಕೋನ್ ತುಂಬಿದರು. ಎಕ್ಸಾಸ್ಟ್ ಫ್ಯಾನ್ ಹಾಕುವಾಗ ಎದುರಿನ ಕಿಟಕಿಯನ್ನು ನಾಲ್ಕು ಬೆರಳು ತೆರೆಯಬೇಕು ಎಂದು ನಿಯಮವಾಯಿತು. ರಾತ್ರಿ ಕುಂಟೆ ಇಡುವುದು ನಿಂತಿತು. ಇದಕ್ಕೆ ಯಜಮಾನರನ್ನು ಒಪ್ಪಿಸಲು ಅಮ್ಮನಿಗೇ ಹೆಚ್ಚು ಕಾಲ ಬೇಕಾಯಿತು. ಮಳೆಗಾಲದಲ್ಲಿ ಸೋಲಾರ್ ನೆಚ್ಚಲಾಗದ್ದರಿಂದ ಅಮ್ಮನ ಸ್ನಾನಕ್ಕೆ ಸಣ್ಣ ಗೀಸರ್ ಬಂತು. ಉಳಿದವರಿಗೆ ಹಂಡೆಯ ನೀರೇ; ಅದರ ಸುಖ ಗೀಸರಿಗಿಲ್ಲ ಎನ್ನುವುದನ್ನು ನಾನೂ ಒಪ್ಪುತ್ತೇನೆ.

ಕ್ಯಾಲೆಂಡರಿನಲ್ಲಿ ಬೆಳಗಿನ ಓದು ಎದ್ದು ಕಾಣುವಂತೆ ಮೇಲೆ ಬಂದದ್ದು ಬೆಳಕಿಂಡಿ ಮುಚ್ಚಿ ಕುಂಟೆ ನಿಂತ ಮೇಲೆ. ಸಂಜೆಯ ಓದು ಮೊದಲೇ ಅಷ್ಟು ಕೆಟ್ಟಿರಲಿಲ್ಲ. ಉಬ್ಬಸದವರಿಗೆ ಬೆಳಗಿನ ಓದು ಹೇಗೂ ಕಡಿಮೆಯೇ ಇರುತ್ತದೆ, ಅದನ್ನು ನೆನಪಿನಲ್ಲಿಟ್ಟುಕೊಂಡರೂ ಅಂತರ ಕಡಿಮೆಯಾದದ್ದು ಸ್ಪಷ್ಟವಿತ್ತು. ಬೆಳಗಿನ ಜಾವ ಎದ್ದು ಕೂರುವುದು ಅಪರೂಪವಾಯಿತು. ಇನ್‌ಹೇಲರ್ ಈಗಲೂ ಇದೆ, ಇರಲೇಬೇಕು.

ಶೀತದ ಸಮಸ್ಯೆ ಮಾತ್ರ ಅರ್ಧ ಬಗೆಹರಿದಿದೆ. ಬೀರುವಿನ ಹಿಂದೆ ಬೂಷ್ಟಿನ ಹಾಸೇ ಇತ್ತು. ಅಯಾನೈಸರ್ ತೇಲುವ ಬೀಜಕಣವನ್ನು ಗೋಡೆಗೆ ಅಂಟಿಸಬಹುದು, ಆದರೆ ಗೋಡೆಯೇ ಬೀಜಕಣದ ತವರಾಗಿದ್ದರೆ ಏನು ಮಾಡೀತು? ಹಾಸಿಗೆಯ ಧೂಳುನುಸಿಯ ಕಥೆಯೂ ಅಷ್ಟೆ. ಅದರ ಅಲರ್ಜಿ ಉಂಟುಮಾಡುವ ಕಣಗಳು ದಪ್ಪನೆಯವು, ಹಾಸಿಗೆ ಕೊಡವಿದಾಗ ಎದ್ದು ಬೇಗ ತಾವಾಗಿಯೇ ಕೂರುತ್ತವೆ. ಎರಡಕ್ಕೂ ಬೇಕಾದ್ದು ತೇವ ಇಳಿಸುವುದು. ಹೊರಗೆ ಮಳೆ ಸುರಿಯುವಾಗ ಕಿಟಕಿ ತೆರೆದರೆ ಇನ್ನೂ ಶೀತ ಎಂದು ಎಲ್ಲರೂ ಮುಚ್ಚಿಡುತ್ತಾರೆ. ಲೆಕ್ಕ ಸ್ವಲ್ಪ ಬೇರೆ: 22 ಡಿಗ್ರಿಯ, ತೇವ ತುಂಬಿ ತುಳುಕುವ ಹೊರಗಿನ ಗಾಳಿ 26 ಡಿಗ್ರಿಯ ಕೋಣೆಗೆ ಬಂದು ಬಿಸಿಯಾದರೆ ಅದರ ಸಾಪೇಕ್ಷ ಆರ್ದ್ರತೆ ಸುಮಾರು 80 ಪ್ರತಿಶತಕ್ಕೆ ಇಳಿಯುತ್ತದೆ. ಸ್ನಾನದ ಹಬೆ, ಉಸಿರು, ಒಣಹಾಕಿದ ಬಟ್ಟೆ ಸೇರಿದ ಒಳಗಿನ ಗಾಳಿಗಿಂತ ಅದು ವಾಸಿ. ಆದರೂ ಬೂಷ್ಟು ತಡೆಯಲು ಬೇಕಾದ 60ರ ಕೆಳಗಿನ ಮಟ್ಟ ಅದರಿಂದ ಸಿಗುವುದಿಲ್ಲ. ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆದರು, ಬಟ್ಟೆ ಒಣಹಾಕುವುದನ್ನು ಕೋಣೆಯಿಂದ ತೆಗೆದರು. ಬೀರುವಿನೊಳಗೆ ಬಲ್ಬು ಉರಿಸುವ ನಮ್ಮ ಕಡೆಯ ಹಳೆ ಉಪಾಯ ಎಲ್‌ಇಡಿ ಬಂದ ಮೇಲೆ ಕೆಲಸ ಮಾಡುವುದಿಲ್ಲ, ಅದಕ್ಕೆ ಬಿಸಿಯೇ ಇಲ್ಲ. ತೇವ ಹೀರುವ ಯಂತ್ರ ಇನ್ವರ್ಟರಿಗೆ ಭಾರವೆಂದು ಕೈಬಿಟ್ಟರು.

ಫಿಲ್ಟರ್ ಇರುವ ಯಂತ್ರವೊಂದನ್ನು ಮಗ ಕೊನೆಗೆ ತಂದ, ಅಡಿಕೆಯ ಚೊಗರು ಕಾಯಿಸುವ ದಿನಗಳಿಗಾಗಿ. ಕೊಯ್ಲು ಶುರುವಾದ ಮೇಲೆ ಅಂಗಳದ ಒಲೆಯ ಮೇಲೆ ಅಡಿಕೆ ಬೇಯುವ ಹೊಗೆಯನ್ನು ತಪ್ಪಿಸುವ ಬಗೆಯಿಲ್ಲ. ಈ ಸಲ ಪೆಟ್ಟಿಗೆಯ ಮೇಲಿನ ಚಿತ್ರ ಬಿಟ್ಟು ಲೆಕ್ಕ ಹಾಕಿ ಕೊಂಡ. 12, 12, 10 ಅಡಿಯ ಕೋಣೆ ಎಂದರೆ 1,440 ಘನ ಅಡಿ, ಸುಮಾರು 41 ಘನ ಮೀಟರ್. ಗಂಟೆಗೆ ಐದು ಸಲ ಗಾಳಿ ಶೋಧಿಸಬೇಕಾದರೆ ಶುದ್ಧ ಗಾಳಿ ಕೊಡುವ ದರ, ಅಂದರೆ ಸಿಎಡಿಆರ್, ಗಂಟೆಗೆ ಸುಮಾರು 205 ಘನ ಮೀಟರ್ ಇರಬೇಕು. ಒಳಗಿನ ಹೆಪಾ ಫಿಲ್ಟರ್ 0.3 ಮೈಕ್ರಾನಿನ ಕಣಗಳನ್ನೂ 99.97 ಪ್ರತಿಶತ ಹಿಡಿಯುತ್ತದೆ. ಹಿಡಿದದ್ದು ಫಿಲ್ಟರಿನ ಜೊತೆ ಮನೆಯಿಂದ ಹೊರಗೆ ಹೋಗುತ್ತದೆ. ಆ ಯಂತ್ರಕ್ಕೂ ಅಯಾನಿನ ಒಂದು ಗುಂಡಿ ಇತ್ತು. ಅದನ್ನು ಹಾಕದಂತೆ ಸೊಸೆ ಮೇಲೆ ಟೇಪು ಅಂಟಿಸಿದ್ದಾರೆ. ಯಜಮಾನರು ಒಂದು ದಿನ ಯಂತ್ರವನ್ನು ಹಳೆ ಮನೆಯ ನಡುಮನೆಗೆ ಒಯ್ದು ಇಟ್ಟುಕೊಂಡರು, ಏನೂ ಪ್ರಯೋಜನವಾಗಲಿಲ್ಲ. ಹೆಂಚಿನ ಮನೆಯಲ್ಲಿ ಶೋಧಿಸಿದಷ್ಟೂ ಗಾಳಿ ಸಂದಿಗಳಿಂದ ಬರುತ್ತಲೇ ಇರುತ್ತದೆ. ಅಲ್ಲಿ ಒಲೆಗೆ ಸರಿಯಾದ ಹೊಗೆಗೊಳವೆ ಹಾಕುವುದೇ ದಾರಿ.

ಇಂಥ ಮನೆಗೆ ಮತ್ತೆ ಹೋದರೆ ನಾನು ಮೊದಲು ಕೇಳುವುದು ಯಾವ ಯಂತ್ರ ಎಂದಲ್ಲ. ಬಚ್ಚಲು ಎಲ್ಲಿದೆ, ರಾತ್ರಿ ಅಲ್ಲಿ ಏನು ಉರಿಯುತ್ತದೆ, ಫ್ಯಾನ್ ಎಳೆದ ಗಾಳಿಗೆ ಬದಲು ಎಲ್ಲಿಂದ ಬರುತ್ತದೆ ಎಂದು. ಆಮೇಲೆ ಔಷಧಿ ತಪ್ಪಿಸಿದ್ದೀರಾ ಎಂದು, ಅದನ್ನೂ ಯಂತ್ರ ತಂದವರ ಎದುರು ಕೇಳದೆ ಬೇರೆ ಕೂರಿಸಿ. ಮಗ ಪ್ರೀತಿಯಿಂದ ತಂದ ವಸ್ತುವಿನಿಂದ ಗುಣ ಕಂಡಿಲ್ಲ ಎಂದು ಯಾವ ತಾಯಿಯೂ ಅವನ ಮುಂದೆ ಹೇಳುವುದಿಲ್ಲ. ಅಮ್ಮ ಅಷ್ಟು ದಿನ "ಹಿತ ಅನ್ನಿಸ್ತದೆ" ಎಂದದ್ದರಲ್ಲಿ ಎಷ್ಟು ಹಿತ, ಎಷ್ಟು ಮಗ ಎಂದು ಅವರೇ ಆಮೇಲೆ ನಗುತ್ತಾ ಕೇಳಿದರು.

ಒಂದು ಅಯಾನೈಸರ್ ನಮ್ಮ ಕಾಲೇಜಿನ ಲ್ಯಾಬಿಗೆ ಬಂದಿದೆ, ಕರೋನಾ ವಿಸರ್ಜನೆ ತೋರಿಸಲು ಚೆನ್ನಾಗಿದೆ. ಇನ್ನೊಂದನ್ನು ವಾಪಸ್ ಕಳಿಸಲು ಹೋದರೆ ಅವಧಿ ಮುಗಿದಿತ್ತು. ಚೊಗರಿನ ಒಲೆಯನ್ನು ಅಂಗಳದಿಂದ ಒಕ್ಕಣೆಯ ಕಣದ ಆಚೆ ತುದಿಗೆ ಸರಿಸಿದರೆ ಚಳಿಗಾಲದ ಗಾಳಿಗೆ ಹೊಗೆ ಮನೆಯ ಕಡೆ ಬರುವುದಿಲ್ಲ ಎಂದು ಮಗ ಹೇಳುತ್ತಿದ್ದಾನೆ. ಸುಲಿದ ಅಡಿಕೆಯನ್ನು ಅಷ್ಟು ದೂರ ಹೊರುವವರು ಯಾರು ಎಂಬುದು ಯಜಮಾನರ ಪ್ರಶ್ನೆ. ಅದು ಇನ್ನೂ ತೀರ್ಮಾನವಾಗಿಲ್ಲ.